ಅಮೊರ್ಗೊಸ್‌ಗೆ ಬಾಡಿಗೆ ಯಾಟ್‌ನಲ್ಲಿ: ಎಲ್ಲಿಂದ ಹೊರಡಬೇಕು, ಚುಕ್ಕಾಣಿ ಯಾರ ಕೈಗೆ ಕೊಡಬೇಕು

ಗ್ರೀಸ್‌ನಲ್ಲಿ ಯಾಟ್ ಬಾಡಿಗೆಗೆ ಹಿಡಿಯಬೇಕು ಅನ್ನುವವರು ಮೊದಲು ಕೇಳುವುದು ದೋಣಿಯ ಬಗ್ಗೆಯೇ. ಎಷ್ಟು ಅಡಿ ಉದ್ದ, ಎಷ್ಟು ಕೋಣೆ, ಎ.ಸಿ. ಇದೆಯಾ. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ವಾಪಸ್ ಹೇಗೆ ಬರುತ್ತೀರಿ?

ಹೋಗುವುದು ಕಷ್ಟವಲ್ಲ. ಏಜಿಯನ್ ಸಮುದ್ರದಲ್ಲಿ ಬೇಸಿಗೆಯ ಗಾಳಿ ಉತ್ತರದಿಂದ ಬೀಸುತ್ತದೆ. ದೂರದ ದ್ವೀಪಗಳು ಬಹುಪಾಲು ಅಥೆನ್ಸ್‌ನ ಆಗ್ನೇಯಕ್ಕಿವೆ. ಹಾಗಾಗಿ ಹೋಗುವಾಗ ಗಾಳಿ ಬೆನ್ನು ತಟ್ಟಿ ಕಳಿಸುತ್ತದೆ. ಬರುವಾಗ ಅದೇ ಗಾಳಿ ಎದೆಗೆ ಕೈ ಕೊಟ್ಟು ನಿಲ್ಲಿಸುತ್ತದೆ.

ಇದನ್ನು ನಾವು ಕಲಿತಿದ್ದು ಕೈ ಸುಟ್ಟುಕೊಂಡು. ಮೊದಲ ಸಲ ಆರು ಜನ ಸೇರಿ ಅಥೆನ್ಸ್ ಹತ್ತಿರದ ಲಾವ್ರಿಯೊ ಬಂದರಿನಿಂದ ಜುಲೈ ಕೊನೆಯಲ್ಲಿ ಹೊರಟಿದ್ದೆವು. ಗುರಿ ಅಮೊರ್ಗೊಸ್. ಮೂರನೇ ದಿನ ಕಿತ್ನೊಸ್ ದ್ವೀಪದ ಲೂತ್ರಾ ಎಂಬ ಪುಟ್ಟ ಬಂದರಿನಲ್ಲಿ ಸಿಕ್ಕಿಕೊಂಡೆವು. ಮೇಲೆ ಒಂದು ತುಣುಕು ಮೋಡವಿಲ್ಲ, ಹೊರಗೆ ಕಡಲು ಬೆಳ್ಳಗೆ ನೊರೆಯೆದ್ದು ಕುದಿಯುತ್ತಿತ್ತು. ಲೂತ್ರಾದಲ್ಲಿ ಬಿಸಿನೀರಿನ ಬುಗ್ಗೆ ಹರಿದು ದಡದಲ್ಲೇ ಸಮುದ್ರ ಸೇರುತ್ತದೆ. ಎರಡು ದಿನ ಅದರಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತೆವು, ಆಮೇಲೆ ಬಂದ ದಾರಿಯಲ್ಲೇ ತಿರುಗಿದೆವು. ಆ ವರ್ಷ ಅಮೊರ್ಗೊಸ್ ನೋಡಲೇ ಇಲ್ಲ. ಎರಡನೇ ಸಲ ನೋಡಿದೆವು. ಎರಡರ ನಡುವಿನ ವ್ಯತ್ಯಾಸವೇ ಈ ಬರಹ.

ಅಮೊರ್ಗೊಸ್ ಯಾಕೆ ಅಂತಲೂ ಹೇಳಬೇಕಲ್ಲ. ಸಿಕ್ಲಾಡಿಸ್ ದ್ವೀಪಸಮೂಹದ ಪೂರ್ವದ ಅಂಚಿನಲ್ಲಿ ಉದ್ದಕ್ಕೆ ಮಲಗಿರುವ ಬೆಟ್ಟದ ದ್ವೀಪ ಅದು. ಜನಸಂಖ್ಯೆ ಸುಮಾರು 2000. ವಿಮಾನ ನಿಲ್ದಾಣವಿಲ್ಲ. ಅದಕ್ಕೂ ನಾಕ್ಸೊಸ್ ಎಂಬ ದೊಡ್ಡ ದ್ವೀಪಕ್ಕೂ ನಡುವೆ ಕೂಫೊನಿಸಿ, ಸ್ಖಿನೂಸಾ, ಇರಾಕ್ಲಿಯಾ, ದೊನೂಸಾ ಎಂಬ ಪುಟಾಣಿ ದ್ವೀಪಗಳು ಚೆಲ್ಲಿಕೊಂಡಿವೆ. ಸ್ವಂತ ದೋಣಿ ಇದ್ದವರಿಗೆ ನಿಜವಾದ ಹಬ್ಬ ಈ ಪುಟಾಣಿಗಳಲ್ಲೇ. ಬೆಳಗ್ಗೆ ಒಂದು ದ್ವೀಪ, ಮಧ್ಯಾಹ್ನ ಈಜಲು ಒಂದು ಕೊಲ್ಲಿ, ಸಂಜೆ ಇನ್ನೊಂದು ದ್ವೀಪ.

ಹೊರಡುವ ಜಾಗ: ಅಥೆನ್ಸೋ, ಪಾರೊಸೋ

ದೋಣಿಗಿಂತ ಮೊದಲು ಇದನ್ನು ತೀರ್ಮಾನಿಸಿ. ಅಥೆನ್ಸ್ ಕಡೆ ಎರಡು ದೊಡ್ಡ ನೆಲೆಗಳಿವೆ. ಊರಿಗೆ ಅಂಟಿಕೊಂಡಿರುವ ಆಲಿಮೊಸ್ ಮರೀನಾ, ಮತ್ತೆ ವಿಮಾನ ನಿಲ್ದಾಣದಿಂದ ದಕ್ಷಿಣಕ್ಕಿರುವ ಲಾವ್ರಿಯೊ. ದೋಣಿಗಳ ಆಯ್ಕೆ ಇಲ್ಲಿ ಜಾಸ್ತಿ, ಬಾಡಿಗೆಯಲ್ಲಿ ಪೈಪೋಟಿಯೂ ಜಾಸ್ತಿ. ವಿಮಾನ ಇಳಿದು ಟ್ಯಾಕ್ಸಿ ಹತ್ತಿದರೆ ಆಯಿತು.

ಈಗ ಲೆಕ್ಕ ಹಾಕಿ. ಲಾವ್ರಿಯೊದಿಂದ ಅಮೊರ್ಗೊಸ್‌ನ ಕಟಾಪೊಲಾ ಬಂದರಿಗೆ ನೇರ ಗೆರೆ ಎಳೆದರೂ ಸುಮಾರು 100 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಬಾಡಿಗೆಯ ಹಾಯಿದೋಣಿ ಗಂಟೆಗೆ ಐದಾರು ಮೈಲಿ ಹೋಗುತ್ತದೆ, ಅಷ್ಟೇ. ಬಾಡಿಗೆ ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ. ಮೊದಲ ಶನಿವಾರ ದೋಣಿ ಕೈಗೆ ಬರುವುದೇ ಸಂಜೆ. ಕೊನೆಯ ಶುಕ್ರವಾರ ಸಂಜೆಯೊಳಗೆ ಅದು ನೆಲೆಗೆ ವಾಪಸ್ ಇರಬೇಕು. ಉಳಿಯುವುದು ಆರೇ ದಿನ. ಎರಡೂವರೆ ದಿನ ಹೋಗಲು, ಮೂರು ದಿನ ಬರಲು ಬೇಕು. ಅಮೊರ್ಗೊಸ್‌ಗೆ ಅರ್ಧ ದಿನ ಸಿಕ್ಕರೆ ಪುಣ್ಯ, ಅದೂ ಗಾಳಿ ಸುಮ್ನೆ ಇದ್ದರೆ.

ಗಾಳಿ ಸುಮ್ನೆ ಇರುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಬೀಸುವ ಈ ಉತ್ತರದ ಗಾಳಿಗೆ ಗ್ರೀಕರು ಮೆಲ್ಟೆಮಿ ಎನ್ನುತ್ತಾರೆ. ಬಾಲ್ಕನ್ ನಾಡುಗಳ ಮೇಲೆ ಅಧಿಕ ಒತ್ತಡ, ಟರ್ಕಿಯ ಮೇಲೆ ಕಡಿಮೆ ಒತ್ತಡ. ನಡುವೆ ಏಜಿಯನ್ ಒಂದು ಓಣಿಯ ಹಾಗೆ. ನಮಗೆ ಮುಂಗಾರು ತರುವ ಕಡಿಮೆ ಒತ್ತಡದ ಪಟ್ಟಿಯೇ ಪಶ್ಚಿಮಕ್ಕೆ ಚಾಚಿ ಟರ್ಕಿಯವರೆಗೆ ಹೋಗಿರುತ್ತದೆ. ಅಂದರೆ ಮಲ್ಪೆಯ ದೋಣಿಗಳನ್ನು ದಡದಲ್ಲಿ ಕೂರಿಸುವ ಮುಂಗಾರಿಗೂ ಅಲ್ಲಿ ನಮ್ಮನ್ನು ಕೂರಿಸಿದ ಗಾಳಿಗೂ ದೂರದ ನೆಂಟಸ್ತಿಕೆ ಇದೆ. ಒಂದೇ ವ್ಯತ್ಯಾಸ: ಮುಂಗಾರು ಮೋಡ ಕಟ್ಟಿ ಹೇಳಿ ಬರುತ್ತದೆ, ಮೆಲ್ಟೆಮಿ ಶುಭ್ರ ಬಿಸಿಲಿನಲ್ಲಿ ಬರುತ್ತದೆ. ಗಾಳಿಯ ಬಲ ಅಳೆಯುವ ಬ್ಯೂಫೋರ್ಟ್ ಮಾಪನದಲ್ಲಿ 5ರಿಂದ 7, ಕೆಲವೊಮ್ಮೆ 8. ಆರು ಅಂದರೇ ಗಂಟೆಗೆ 39ರಿಂದ 49 ಕಿ.ಮೀ. ಒಮ್ಮೆ ಶುರುವಾದರೆ ಮೂರು ದಿನವೂ ಇರಬಹುದು, ವಾರವೂ ಇರಬಹುದು.

ಸಿಕ್ಲಾಡಿಸ್ ನಡುವೆಯೇ ಇರುವ ಪಾರೊಸ್ ದ್ವೀಪದಿಂದ ಹೊರಟರೆ ಕಥೆಯೇ ಬೇರೆ. ಅಥೆನ್ಸ್‌ನ ಪಿರೆಯಸ್ ಬಂದರಿನಿಂದ ಪಾರೊಸ್‌ಗೆ ದೊಡ್ಡ ಫೆರಿಯಲ್ಲಿ ನಾಲ್ಕೈದು ಗಂಟೆ. ಗಾಳಿ ತೀರಾ ಅತಿಯಾಗದ ಹೊರತು ಆ ದೊಡ್ಡ ಹಡಗು ನಿಮ್ಮ ದೋಣಿಗಿಂತ ಸಲೀಸಾಗಿ ಅದನ್ನು ಸೀಳಿಕೊಂಡು ಹೋಗುತ್ತದೆ. ಪಾರೊಸ್‌ನಿಂದ ಕಟಾಪೊಲಾಗೆ ಸುಮಾರು 40 ಮೈಲಿ. ದಾರಿ ಹೆಚ್ಚುಕಡಿಮೆ ಪೂರ್ವ–ಪಶ್ಚಿಮ. ಉತ್ತರದ ಗಾಳಿ ಹೋಗುವಾಗಲೂ ಬರುವಾಗಲೂ ದೋಣಿಯ ಪಕ್ಕೆಗೆ ಬೀಳುತ್ತದೆ. ಹಾಯಿದೋಣಿಗೆ ಅದಕ್ಕಿಂತ ಒಳ್ಳೆಯ ಗಾಳಿ ಇಲ್ಲ. ವಾಪಸ್ ಬರುವ ಆತಂಕ ಮುಕ್ಕಾಲು ಭಾಗ ಅಲ್ಲೇ ಕರಗುತ್ತದೆ.

ಪಾರೊಸ್‌ನಲ್ಲಿ ಆಯ್ಕೆ ಕಡಿಮೆ, ಅದೇ ದೋಣಿಗೆ ಬಾಡಿಗೆ ಸ್ವಲ್ಪ ಜಾಸ್ತಿ ಇರಬಹುದು, ಬೇಗ ಬುಕ್ ಮಾಡಬೇಕು. ಆದರೂ ಒಂದೇ ವಾರ ಇದ್ದು, ಗುರಿ ಅಮೊರ್ಗೊಸ್ ಆಗಿದ್ದರೆ ನನ್ನ ಮಟ್ಟಿಗೆ ಬೇರೆ ಉತ್ತರವಿಲ್ಲ. ಎರಡು ವಾರ ಇದ್ದವರು ಅಥೆನ್ಸ್‌ನಿಂದ ಧೈರ್ಯವಾಗಿ ಹೊರಡಬಹುದು. ಅಥೆನ್ಸ್‌ನಲ್ಲಿ ಹತ್ತಿ ಪಾರೊಸ್‌ನಲ್ಲಿ ಇಳಿಯುವ ಒಂದು ದಿಕ್ಕಿನ ಬಾಡಿಗೆಯೂ ಕೆಲವರಲ್ಲಿ ಸಿಗುತ್ತದೆ. ದೋಣಿಯನ್ನು ವಾಪಸ್ ತರುವ ಖರ್ಚು ನಿಮ್ಮ ಮೇಲೆ ಬೀಳುತ್ತದೆ. ಕೇಳಿ ನೋಡುವುದರಲ್ಲಿ ತಪ್ಪಿಲ್ಲ.

ಚುಕ್ಕಾಣಿ ಯಾರ ಕೈಗೆ

ಬೇರ್‌ಬೋಟ್ ಅಂದರೆ ಬರೀ ದೋಣಿ. ನಡೆಸುವುದು, ಕಟ್ಟುವುದು, ಕೆಟ್ಟರೆ ಪರದಾಡುವುದು ಎಲ್ಲ ನಿಮ್ಮದೇ. ಗ್ರೀಸ್‌ನಲ್ಲಿ ಇದಕ್ಕೆ ಒಬ್ಬರ ಬಳಿ ಹಾಯಿದೋಣಿ ನಡೆಸುವ ಮಾನ್ಯ ಲೈಸೆನ್ಸ್ ಇರಬೇಕು. ಜೊತೆಗೆ ಅನುಭವವಿರುವ ಎರಡನೆಯವರೊಬ್ಬರು ಬೇಕು, ಅವರು ಲೈಸೆನ್ಸ್ ತೋರಿಸಬೇಕು ಅಥವಾ ಅನುಭವ ಇದೆಯೆಂದು ಬರೆದು ಸಹಿ ಹಾಕಬೇಕು. ಐ.ಸಿ.ಸಿ. ಎಂಬ ಅಂತಾರಾಷ್ಟ್ರೀಯ ಪ್ರಮಾಣಪತ್ರ ಎಲ್ಲರೂ ಒಪ್ಪುವಂಥದ್ದು. ಕೆರೆಯಲ್ಲೋ ಜಲಾಶಯದಲ್ಲೋ ಪುಟ್ಟ ಡಿಂಗಿ ಓಡಿಸಿ ಪಡೆದ ಸರ್ಟಿಫಿಕೇಟ್ ಇಲ್ಲಿ ನಡೆಯುವುದಿಲ್ಲ. ನಿಮ್ಮ ಕಾಗದ ಯಾವುದೇ ಇರಲಿ, ಹಣ ಕಟ್ಟುವ ಮೊದಲೇ ಪ್ರತಿ ಕಳಿಸಿ, ಒಪ್ಪಿಗೆಯನ್ನು ಬರಹದಲ್ಲಿ ತರಿಸಿಕೊಳ್ಳಿ.

ಲೈಸೆನ್ಸ್ ಇದ್ದವರಿಗೂ ಒಂದು ಮಾತು. ಕಡಲಲ್ಲಿ ದೋಣಿ ನಡೆಸುವುದಕ್ಕಿಂತ ಅದನ್ನು ಧಕ್ಕೆಗೆ, ಅಂದರೆ ಬಂದರಿನ ಕಟ್ಟೆಗೆ, ಕಟ್ಟುವುದು ಕಷ್ಟ. ಇಲ್ಲಿ ದೋಣಿಯ ಬೆನ್ನನ್ನು ಧಕ್ಕೆಗೆ ಕೊಟ್ಟು ನಿಲ್ಲಿಸುವ ಪದ್ಧತಿ. ಎಷ್ಟೋ ಮೀಟರ್ ದೂರದಲ್ಲೇ ಮುಂದಿನಿಂದ ಲಂಗರು ಬಿಡಬೇಕು. ಸರಪಳಿ ಸಡಿಲಿಸುತ್ತ ರಿವರ್ಸ್‌ನಲ್ಲಿ ಬರಬೇಕು. ಎಡಬಲದಲ್ಲಿ ಈಗಾಗಲೇ ನಿಂತ ದೋಣಿಗಳ ನಡುವಿನ ಸಂದಿಗೆ ತೂರಿಸಿ, ಹಗ್ಗ ಎಸೆದು, ಲಂಗರು ಬಿಗಿಯಾಗಿ ಹಿಡಿದಿದೆಯಾ ನೋಡಬೇಕು. ಇದೆಲ್ಲ ಆಗುವಾಗ ಗಾಳಿ ಪಕ್ಕದಿಂದ ನೂಕುತ್ತಿರುತ್ತದೆ. ಹೋಟೆಲಿನ ಮೇಜುಗಳಲ್ಲಿ ಕೂತವರೆಲ್ಲ ಊಟ ಬಿಟ್ಟು ನಿಮ್ಮನ್ನೇ ನೋಡುತ್ತಿರುತ್ತಾರೆ. ಬೆಳಗ್ಗೆ ಎದ್ದರೆ ನಿಮ್ಮ ಸರಪಳಿಯ ಮೇಲೆ ಪಕ್ಕದವನ ಸರಪಳಿ. ಗಂಡ–ಹೆಂಡತಿ ಜಗಳಗಳು ಶುರುವಾಗುವುದು ಇಲ್ಲೇ, ನಾನು ಕಣ್ಣಾರೆ ನೋಡಿದ್ದೇನೆ. ನಮ್ಮದೂ ಸೇರಿ.

ಹಾಗಾಗಿ ನಾನು ಸ್ಕಿಪ್ಪರ್ ಪಕ್ಷ. ನಮ್ಮ ಕರಾವಳಿಯಲ್ಲಿ ತಾಂಡೇಲ ಎನ್ನುತ್ತಾರಲ್ಲ, ಅವರೇ. ದಿನಕ್ಕೆ ಸುಮಾರು 200 ಯೂರೊ, ಜೊತೆಗೆ ಅವರ ಊಟ ನಮ್ಮದು, ಮಲಗಲು ಒಂದು ಕೋಣೆ ಅವರಿಗೆ. ನಾಲ್ಕು ಕೋಣೆಯ ದೋಣಿಯಲ್ಲಿ ಎಂಟು ಜನ ಅಂತ ಲೆಕ್ಕ ಹಾಕಬೇಡಿ. ಆರೇ. ಈ ದುಡ್ಡಿಗೆ ಸಿಗುವುದು ದೋಣಿ ನಡೆಸುವ ಕೈ ಮಾತ್ರ ಅಲ್ಲ, ಬೇಡ ಎನ್ನುವ ಬಾಯಿಯೂ ಹೌದು. ಎರಡನೇ ಸಲದ ನಮ್ಮ ಸ್ಕಿಪ್ಪರ್‌ಗೆ ಅಮೊರ್ಗೊಸ್‌ನ ದಕ್ಷಿಣ ಕರಾವಳಿಗೆ ಕರೆದುಕೊಂಡು ಹೋಗಿ ಅಂತ ದುಂಬಾಲು ಬಿದ್ದೆವು. ಖೊಜೊವಿಯೊಟಿಸ್ಸಾ ಮಠವನ್ನು ಕೆಳಗಿನ ಕಡಲಿನಿಂದ ನೋಡುವ ಆಸೆ. ಅವರು ತಲೆ ಅಲ್ಲಾಡಿಸಿಬಿಟ್ಟರು. ಬೆಟ್ಟದ ಮರೆಯಲ್ಲಿ ಗಾಳಿ ಕಡಿಮೆ ಇರುತ್ತದೆ ಅಂತ ನಾವು ಅಂದುಕೊಂಡಿದ್ದೆವು. ಇಲ್ಲಿ ತಿರುಗಾಮುರುಗಾ. 800 ಮೀಟರ್ ದಾಟಿದ ಬೆಟ್ಟವನ್ನು ಹತ್ತಿದ ಗಾಳಿ ಇನ್ನೊಂದು ಪಕ್ಕದಲ್ಲಿ ಕಲ್ಲು ಉರುಳಿದ ಹಾಗೆ ಕೆಳಕ್ಕೆ ಬೀಳುತ್ತದೆ. ನಕ್ಷೆ ನೋಡಿ ನಾವೇ ಹೋಗಿದ್ದರೆ ನೇರ ಅಲ್ಲಿಗೇ ಹೋಗಿರುತ್ತಿದ್ದೆವು.

ಮಠ ನೋಡಿದೆವು ಬಿಡಿ, ಕಟಾಪೊಲಾದಲ್ಲಿ ದೋಣಿ ಕಟ್ಟಿ ಬಸ್ಸಿನಲ್ಲಿ ಹೋಗಿ. 11ನೇ ಶತಮಾನದ ಮಠ, ಕಡಲಿನಿಂದ ಸುಮಾರು 300 ಮೀಟರ್ ಮೇಲೆ ಬಂಡೆಗೆ ಸುಣ್ಣ ಬಳಿದ ಹಾಗೆ ಅಂಟಿಕೊಂಡಿದೆ. ಮೆಟ್ಟಿಲು ಹತ್ತಿ ಹೋದವರಿಗೆ ಜೇನು, ದಾಲ್ಚಿನ್ನಿ ಹಾಕಿದ ಪ್ಸಿಮೆನಿ ರಕಿ ಮತ್ತು ಲುಕೂಮಿ ಎಂಬ ಸಿಹಿ ಕೊಡುತ್ತಾರೆ. ತೊಡೆ, ಭುಜ ಮುಚ್ಚುವ ಬಟ್ಟೆ ಬೇಕು.

ಇನ್ನು ಪೂರ್ತಿ ಸಿಬ್ಬಂದಿಯ ಯಾಟ್. ಕ್ಯಾಪ್ಟನ್, ಅಡುಗೆಯವರು, ಕೆಲಸದವರು ಎಲ್ಲ ಇರುತ್ತಾರೆ. ಬಾಡಿಗೆಯ ಮೇಲೆ ಇಂಧನ, ಊಟ, ಬಂದರು ಶುಲ್ಕಕ್ಕೆಂದು ಎ.ಪಿ.ಎ. ಎಂಬ ಮುಂಗಡ ಕಟ್ಟಬೇಕು. ಸಾಮಾನ್ಯವಾಗಿ ಬಾಡಿಗೆಯ ನಾಲ್ಕನೇ ಒಂದು ಭಾಗದಿಂದ ಮೂರನೇ ಒಂದು ಭಾಗದವರೆಗೆ. ಮಿಕ್ಕಿದ್ದು ವಾಪಸ್ ಬರುತ್ತದೆ, ಟಿಪ್ಸ್ ಬೇರೆ. ಅಜ್ಜ–ಅಜ್ಜಿ, ಮೊಮ್ಮಕ್ಕಳು ಅಂತ ದೊಡ್ಡ ಸಂಸಾರ ಹೊರಟಿದ್ದರೆ ಯೋಚಿಸಬಹುದು. ಆದರೆ ಇಂಥ ದೋಣಿ ದೊಡ್ಡದು. ಸ್ಖಿನೂಸಾದ ಮರ್ಸಿನಿಯಂಥ ಅಂಗೈಯಗಲದ ಬಂದರಿನಲ್ಲಿ ಅದಕ್ಕೆ ಜಾಗ ಸಿಗುವುದು ಕಷ್ಟ. ಪುಟಾಣಿ ದ್ವೀಪಕ್ಕೆಂದು ಹೋಗಿ ಹೊರಗೆ ಲಂಗರು ಹಾಕಿ ನೋಡುತ್ತ ಕೂರುವುದು ಯಾಕೋ ನನಗೆ ಒಗ್ಗುವುದಿಲ್ಲ.

ಒಂದೇ ಕೋಣೆ ಹಿಡಿದು ಅಪರಿಚಿತರ ಜೊತೆ ಹೋಗುವ ಕ್ಯಾಬಿನ್ ಚಾರ್ಟರ್ ಕೂಡ ಇದೆ. ಇಬ್ಬರೇ ಇದ್ದರೆ ಅಗ್ಗ. ಮಾರ್ಗ ಮೊದಲೇ ಗೊತ್ತುಮಾಡಿರುತ್ತಾರೆ, ಅದರಲ್ಲಿ ಅಮೊರ್ಗೊಸ್ ಇದೆಯಾ ಅಂತ ಮೊದಲು ನೋಡಿ. ಸಹಪ್ರಯಾಣಿಕರು ಹೇಗಿರುತ್ತಾರೋ ಅದು ನಿಮ್ಮ ಅದೃಷ್ಟ.

ಒಂದು ಒಡಲೋ, ಎರಡು ಒಡಲೋ

ಕೆಟಮರಾನ್ ಅನ್ನುವ ಹೆಸರು ಬಂದಿದ್ದು ತಮಿಳಿನ ಕಟ್ಟುಮರದಿಂದ. ಎರಡು ಒಡಲಿನ ಈ ದೋಣಿ ವಾಲುವುದಿಲ್ಲ, ಲೋಟ ಮೇಜಿನ ಮೇಲೇ ನಿಲ್ಲುತ್ತದೆ, ಮಕ್ಕಳಿಗೆ ಓಡಾಡಲು ಜಾಗ. ಆಳ ಕಡಿಮೆ ಬೇಕಾದ್ದರಿಂದ ದಡದ ಹತ್ತಿರ ನಿಲ್ಲಿಸಬಹುದು. ಆದರೆ ಒಂಟಿ ಒಡಲಿನ ದೋಣಿಗಿಂತ ಬಾಡಿಗೆ ಎರಡು ಪಟ್ಟು ಆಗುವುದೂ ಉಂಟು. ಎದುರುಗಾಳಿಗೆ ಹತ್ತಲು ಒದ್ದಾಡುತ್ತದೆ. ಕೂಫೊನಿಸಿಯ ಬಂದರಿನಲ್ಲಿ ಸಂಜೆ ತಡವಾಗಿ ಬಂದರೆ ಎರಡು ದೋಣಿಯ ಅಗಲಕ್ಕೆ ಜಾಗ ಎಲ್ಲಿಂದ ತರುತ್ತೀರಿ?

ವಾಂತಿಯ ಭಯಕ್ಕೆ ಕೆಟಮರಾನ್ ಹಿಡಿಯುವವರೂ ಇದ್ದಾರೆ. ಅದು ವಾಲುವುದಿಲ್ಲ ನಿಜ, ಆದರೆ ಅಲೆಗೆ ಕುಲುಕುತ್ತದೆ. ಕೆಲವರಿಗೆ ಅದೇ ಹೆಚ್ಚು ಕಷ್ಟ. ಮಾತ್ರೆ ಎರಡರಲ್ಲೂ ಬೇಕು. ಹೊರಡುವ ಮೊದಲೇ ನುಂಗಬೇಕು, ಹೊಟ್ಟೆ ತೊಳಸಿದ ಮೇಲೆ ಅಲ್ಲ.

ಮೋಟಾರ್ ಯಾಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇಗ ಹೋಗುತ್ತದೆ, ಡೀಸೆಲ್ ಕುಡಿಯುತ್ತದೆ. ಮೆಲ್ಟೆಮಿ ಎದ್ದರೆ ಆ ವೇಗ ಉಪಯೋಗಕ್ಕೆ ಬರುವುದಿಲ್ಲ.

ಯಾವುದೇ ಆಗಲಿ, ಸಿಹಿನೀರು ಟ್ಯಾಂಕಿನಲ್ಲಿ ಇರುವಷ್ಟೇ. ಶವರ್ ಅಂದರೆ ಎರಡು ಚೊಂಬಿನ ಸ್ನಾನ ಅಂದುಕೊಳ್ಳಿ. ಟಾಯ್ಲೆಟ್‌ಗೆ ಕಾಗದ ಹಾಕಿದರೆ ಕಟ್ಟಿಕೊಳ್ಳುತ್ತದೆ, ಬಿಡಿಸುವವರು ನೀವೇ. ಒಲೆ ಗ್ಯಾಸಿನದು, ಅನ್ನ–ಸಾರು ಆರಾಮಾಗಿ ಆಗುತ್ತದೆ. ಕುಕ್ಕರ್ ಒಯ್ದಿದ್ದು ನಮ್ಮ ಗುಂಪಿನ ಅತ್ಯಂತ ಬುದ್ಧಿವಂತ ಕೆಲಸ. ದಡದಲ್ಲೂ ಸಸ್ಯಾಹಾರಿಗಳಿಗೆ ಉಪವಾಸವಿಲ್ಲ. ಫಾವಾ ಎಂಬ ಹಳದಿ ಬೇಳೆಯ ಗಟ್ಟಿ ತೊವ್ವೆ ಈ ದ್ವೀಪಗಳಲ್ಲಿ ಮನೆಮಾತು, ಸ್ಖಿನೂಸಾದ ಫಾವಾಗೆ ಒಳ್ಳೆಯ ಹೆಸರಿದೆ. ಬೇಯಿಸಿದ ಸೊಪ್ಪು ಹೊರ್ತಾ, ಕಡಲೆಯ ರೆವಿಥಿಯಾ ಇವೆ. ನಿಸ್ತಿಸಿಮೊ ಅಂದರೆ ಅವರ ವ್ರತದ ಊಟ. ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಆಕ್ಟೋಪಸ್ ವ್ರತಕ್ಕೆ ನಡೆಯುತ್ತದೆ! ಕೇಳಿಯೇ ತಿನ್ನಿ.

ತಿಂಗಳು ಮತ್ತು ದುಡ್ಡು

ಜೂನ್ ಅಥವಾ ಸೆಪ್ಟೆಂಬರ್. ಎರಡರಲ್ಲಿ ನನ್ನ ಮತ ಸೆಪ್ಟೆಂಬರ್‌ಗೆ, ಬೇಸಿಗೆಯಿಡೀ ಕಾದ ನೀರು ಆಗ ಜೂನ್‌ಗಿಂತ ಬೆಚ್ಚಗಿರುತ್ತದೆ. ಆಗಸ್ಟ್ 15ಕ್ಕೆ ಯೇಸುವಿನ ತಾಯಿ ಮರಿಯಮ್ಮನ ಹಬ್ಬ, ಇಡೀ ಗ್ರೀಸ್ ರಜೆಯಲ್ಲಿರುತ್ತದೆ. ಆ ಸುತ್ತಮುತ್ತಲ ದಿನಗಳಲ್ಲಿ ಬಾಡಿಗೆ, ಜನ, ಗಾಳಿ ಮೂರೂ ಏರಿರುತ್ತವೆ. ಮಕ್ಕಳ ಶಾಲೆಯ ರಜೆ ಏಪ್ರಿಲ್–ಮೇ ತಿಂಗಳಲ್ಲೇ ಇರುವವರು ಮೇ ಕೊನೆಗೆ ಹೋಗಬಹುದು. ನೀರು ತಣ್ಣಗಿರುತ್ತದೆ, ಬಾಡಿಗೆ ಇಳಿದಿರುತ್ತದೆ.

ಆರು ಜನಕ್ಕೆ ಒಂದು ಅಂದಾಜು ಹೇಳುತ್ತೇನೆ. ನಾಲ್ಕು ಕೋಣೆಯ, 45 ಅಡಿಯ ಆಸುಪಾಸಿನ ಒಂಟಿ ಒಡಲಿನ ಹಾಯಿದೋಣಿ, ಸೆಪ್ಟೆಂಬರ್, ವಾರಕ್ಕೆ 3000 ಯೂರೊ ಅಂತಿಟ್ಟುಕೊಳ್ಳಿ. ಸ್ಕಿಪ್ಪರ್‌ಗೆ 1400. ಶುಚಿ ಮಾಡುವುದು, ಹಾಸಿಗೆ ಬಟ್ಟೆ, ಪುಟ್ಟ ದೋಣಿಯ ಮೋಟಾರು ಅಂತ 300. ಡೀಸೆಲ್, ಬಂದರು, ನೀರು 350. ತಲೆಗೆ 850 ಯೂರೊ ಹತ್ತಿರ ಬಂತು, ಊಟ ಬಿಟ್ಟು. ಟಿ.ಇ.ಪಿ.ಎ.ಐ. ಎಂಬ ಸರ್ಕಾರಿ ತೆರಿಗೆ ಮತ್ತು ವ್ಯಾಟ್ ಹೇಳಿದ ಬೆಲೆಯಲ್ಲಿ ಸೇರಿದೆಯಾ ಅಂತ ಕೇಳಿ. ಠೇವಣಿ ಬೇರೆ, ಅದು ಎರಡು ಮೂರು ಸಾವಿರ ಯೂರೊ ಇರಬಹುದು. ಕಾರ್ಡಿನಲ್ಲಿ ಅಷ್ಟು ಮಿತಿ ಇದೆಯಾ, ಅಂತಾರಾಷ್ಟ್ರೀಯ ಬಳಕೆ ತೆರೆದಿದೆಯಾ ಅಂತ ಬೆಂಗಳೂರಿನಲ್ಲಿರುವಾಗಲೇ ನೋಡಿಕೊಳ್ಳಿ. ಧಕ್ಕೆಯ ಮೇಲೆ ನಿಂತು ಬ್ಯಾಂಕಿಗೆ ಫೋನ್ ಮಾಡುವ ಪಾಡು ಬೇಡ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇನ್ನೊಂದು ಗಂಟಿದೆ. ಒಳ್ಳೆಯ ದೋಣಿಗೆ ಆರು ತಿಂಗಳು ಮೊದಲೇ ಅರ್ಧ ಹಣ ಕಟ್ಟಬೇಕು. ಷೆಂಗೆನ್ ವೀಸಾ ಆಮೇಲೆ ಬರುತ್ತದೆ, ಅಥವಾ ಬರುವುದಿಲ್ಲ. ವೀಸಾ ಸಿಗದಿದ್ದರೆ ಎಷ್ಟು ಹಣ ವಾಪಸ್ ಅನ್ನುವ ಸಾಲನ್ನು ಒಪ್ಪಂದದಲ್ಲಿ ಹುಡುಕಿ, ಇಲ್ಲದಿದ್ದರೆ ಬರೆಸಿ. ಅರ್ಜಿಗೆ ವಾಸದ ಪುರಾವೆಯಾಗಿ ದೋಣಿಯ ಒಪ್ಪಂದ, ಪ್ರಯಾಣಿಕರ ಪಟ್ಟಿ, ಮೊದಲ ಮತ್ತು ಕೊನೆಯ ರಾತ್ರಿಗಳ ಹೋಟೆಲ್ ಬುಕಿಂಗ್ ಮೂರನ್ನೂ ಇಡಿ. ಟರ್ಕಿಯ ದಡಕ್ಕೆ ಅಂಟಿದಂತಿರುವ ದ್ವೀಪಗಳ ಕಡೆ ಮನಸ್ಸು ಹೊರಳಿದರೆ ಇದನ್ನೂ ನೆನಪಿಡಿ: ಕಾಸ್ಟೆಲೊರಿಜೊ ದ್ವೀಪದಿಂದ ಟರ್ಕಿಯ ದಡ ಎರಡೇ ಕಿ.ಮೀ., ಅಲ್ಲಿನ ಕಾಶ್ ಊರು ಕಣ್ಣಿಗೆ ಕಾಣುತ್ತದೆ. ಸುಮ್ನೆ ಊಟ ಮಾಡಿ ಬರೋಣ ಅಂತ ಹೋದರೆ, ಒಂದೇ ಪ್ರವೇಶದ ಷೆಂಗೆನ್ ವೀಸಾದಲ್ಲಿ ವಾಪಸ್ ಬಿಡುವುದಿಲ್ಲ.

ಹಾಗಾದರೆ ಫೆರಿ ಸಾಕಲ್ವಾ?

ಎಷ್ಟೋ ಜನಕ್ಕೆ ಸಾಕು. ಪಿರೆಯಸ್‌ನಿಂದ ಅಮೊರ್ಗೊಸ್‌ಗೆ ನೇರ ಫೆರಿಗಳಿವೆ. ನಾಕ್ಸೊಸ್‌ನಿಂದ ಸ್ಕೊಪೆಲಿಟಿಸ್ ಎಂಬ ಪುಟ್ಟ ಹಡಗು ನಮ್ಮ ಹಳ್ಳಿ ಬಸ್ಸಿನ ಹಾಗೆ ಒಂದೊಂದೇ ದ್ವೀಪದಲ್ಲಿ ನಿಂತು ಜನ, ಸಾಮಾನು, ತರಕಾರಿ ಇಳಿಸುತ್ತ ಅಮೊರ್ಗೊಸ್ ಸೇರುತ್ತದೆ. ಅಲೆ ಇದ್ದ ದಿನ ತೊಟ್ಟಿಲ ಹಾಗೆ ತೂಗುತ್ತದೆ, ಊರಿನವರು ಅದರಲ್ಲೇ ನಿದ್ದೆ ಮಾಡುತ್ತಾರೆ. ಒಂದೇ ದ್ವೀಪದಲ್ಲಿ ನಾಲ್ಕು ದಿನ ಇರುವ ಆಸೆಯಿದ್ದರೆ, ಮಠ, ಚೋರಾ ಊರಿನ ಓಣಿಗಳು, ಕಾಲುದಾರಿಗಳು ಸಾಕೆನಿಸಿದರೆ ಯಾಟ್‌ಗೆ ದುಡ್ಡು ಸುರಿಯಬೇಡಿ. ಮೊದಲ ಸಲ ಗ್ರೀಸ್‌ಗೆ ಹೋಗುವವರಿಗೂ ನಾನು ಹೇಳುವುದು ಇದನ್ನೇ.

ಫೆರಿ ಕೊಡಲಾರದ್ದು ದ್ವೀಪಗಳ ನಡುವಿನ ಕಡಲನ್ನು. ಕೂಫೊನಿಸಿಯ ಎದುರಿಗೆ ಕೆರೊಸ್ ಇದೆ. ಈಗ ಅಲ್ಲಿ ಊರಿಲ್ಲ. ಸುಮಾರು 4500 ವರ್ಷ ಹಿಂದಿನ ಅಮೃತಶಿಲೆಯ ಕಿನ್ನರಿ ನುಡಿಸುವವನ ಮೂರ್ತಿ ಸಿಕ್ಕಿದ್ದು ಅಲ್ಲಿ, ಈಗ ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯದಲ್ಲಿದೆ. ಅನುಮತಿಯಿಲ್ಲದೆ ಕೆರೊಸ್ ಮೇಲೆ ಕಾಲಿಡುವಂತಿಲ್ಲ. ಸಂಜೆ ಬಿಸಿಲಲ್ಲಿ ಎಂಜಿನ್ ಆರಿಸಿ, ಹಾಯಿಯೊಂದರ ಮೇಲೆ ಅದರ ಪಕ್ಕ ನಿಧಾನಕ್ಕೆ ಹಾದುಹೋಗಬಹುದು. ನಾವು ಆರು ಜನ ಆ ಅರ್ಧ ಗಂಟೆ ಒಂದು ಮಾತೂ ಆಡಲಿಲ್ಲ. ಅದಕ್ಕೆ ಮೊದಲೂ ಆಮೇಲೂ ಅಂಥದ್ದು ನಡೆದಿಲ್ಲ.

ನಡುವಿನ ದಾರಿಯೂ ಒಂದಿದೆ. ಫೆರಿಯಲ್ಲಿ ಕೂಫೊನಿಸಿಗೆ ಹೋಗಿ ಕೋಣೆ ಹಿಡಿಯಿರಿ. ಸುತ್ತಲಿನ ಕೊಲ್ಲಿಗಳಿಗೆ ದಿನದ ದೋಣಿಗಳು ಹೋಗುತ್ತವೆ. ರಾತ್ರಿ ನೆಲದ ಮೇಲಿನ ಹಾಸಿಗೆ, ಹಗಲು ಕಡಲು. ಮನೆಯಲ್ಲಿ ಒಬ್ಬರಿಗೆ ದೋಣಿ ಆಸೆ, ಇನ್ನೊಬ್ಬರಿಗೆ ದೋಣಿ ಭಯ ಇದ್ದರೆ ಜಗಳ ಬಿಡಿಸಲು ಇದು ಒಳ್ಳೆಯ ಉಪಾಯ.

ಯಾವ ದಾರಿ ಹಿಡಿದರೂ ವಿಮಾನದ ಟಿಕೆಟ್ ತೆಗೆಯುವಾಗ ಕೊನೆಗೆ ಒಂದು ದಿನ ಖಾಲಿ ಬಿಡಿ, ಆಗಸ್ಟ್ ಆದರೆ ಎರಡು. ಗಾಳಿ ತೀರಾ ಜೋರಾದರೆ ಬಂದರು ಪೊಲೀಸರು ದೋಣಿಗಳ ಜೊತೆ ಫೆರಿಗಳನ್ನೂ ನಿಲ್ಲಿಸುತ್ತಾರೆ. ನಾವು ಶನಿವಾರ ಬೆಳಗ್ಗೆ ಪಾರೊಸ್‌ನಲ್ಲಿ ದೋಣಿ ಒಪ್ಪಿಸಿ, ಠೇವಣಿ ಬಿಡಿಸಿಕೊಂಡು, ಮಧ್ಯಾಹ್ನದ ಫೆರಿ ಹತ್ತಿ, ಭಾನುವಾರ ರಾತ್ರಿಯ ವಿಮಾನ ಹಿಡಿದೆವು. ಪಕ್ಕದ ದೋಣಿಯವರ ವಿಮಾನ ಶನಿವಾರ ಸಂಜೆಗೇ ಇತ್ತು. ಆ ದಿನ ಫೆರಿ ಮೂರು ಗಂಟೆ ತಡವಾಗಿ ಬಂತು.